ಸಣ್ಣ ದ್ವೀಪಗಳು ಪ್ರವಾಸಿಗರಿಗೆ ಹಾಕುವ ನಿಯಮ ನಮ್ಮ ಕೊಡಗಿಗೆ ಹೊಂದುತ್ತದಾ?

ಕಣದ_ಕಾಫಿ:
ನಾನು ನಾಪೋಕ್ಲು ಕಡೆಯವಳು. ನಮ್ಮ ಊರಿನ ಹೋಂಸ್ಟೇಯವರೆಲ್ಲ ಸೇರಿ ಅತಿಥಿಗಳಿಗೆ ಒಂದೇ ಥರದ ನಿಯಮ ಮಾಡೋಣ ಅಂತ ಮಾತಾಡುತ್ತಿದ್ದೇವೆ. ಈಗ ಹೇಗಿದೆ ಅಂದರೆ, ಒಬ್ಬರ ಮನೆಯಲ್ಲಿ ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್. ಪಕ್ಕದ ತೋಟದಲ್ಲಿ ಬೆಳಗಿನ ಜಾವದವರೆಗೂ ಡಿಜೆ. ನಿಯಮ ಇಟ್ಟವನಿಗೇ ಗಿರಾಕಿ ಕಮ್ಮಿ.

ಮಾತು ಹೋಗಿ ಹೋಗಿ ದ್ವೀಪಗಳ ಕಡೆ ತಿರುಗಿತು. ಅಲ್ಲೂ ಜಾಗ ಸ್ವಲ್ಪ, ನೀರು ಸ್ವಲ್ಪ, ಕಸ ಹಾಕಲು ಜಾಗ ಇಲ್ಲ, ಊರಿನ ಜನಕ್ಕಿಂತ ಬರುವವರೇ ಜಾಸ್ತಿ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಒಂದು ಸಲಕ್ಕೆ 400 ಪ್ರವಾಸಿಗರಿಗಿಂತ ಹೆಚ್ಚು ಇರುವ ಹಾಗಿಲ್ಲವಂತೆ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ 2024ರ ಫೆಬ್ರವರಿಯಿಂದ ಹೊರದೇಶದವರಿಗೆ 1,50,000 ರುಪಾಯ ಶುಲ್ಕ. ಅವರ ರುಪಾಯ, ನಮ್ಮದಲ್ಲ. ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ.

ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಯಾವುದು? ಅಲ್ಲಿನ ಜನರ ಪೂಜೆ, ಹಬ್ಬ, ರೀತಿ ಉಳಿದಿದೆಯಾ, ಇಲ್ಲ ಅದೂ ಪ್ಯಾಕೇಜ್ ಆಗಿದೆಯಾ? ದ್ವೀಪ ನೋಡಿದವರು, ಅಲ್ಲಿ ಕೆಲಸ ಮಾಡಿದವರು ಇದ್ದರೆ ಬರೆಯಿರಿ.

ಬೆಂಗ್ಳೂರು_ವೀಕೆಂಡ್:
ನಿಯಮ ಎಷ್ಟು ಬೇಕಾದರೂ ಮಾಡಿ ಅಕ್ಕ. ರೇಟ್ ಮಾತ್ರ ಏರಿಸಬೇಡಿ.

ಕರಿಮೆಣಸು:
ಮೊದಲ ಕಾಮೆಂಟೇ ರೇಟಿನದ್ದು. ಶುಭ ಶಕುನ.

ಹಳೆ_ನೌಕಾಪಡೆ:
ಲಕ್ಷದ್ವೀಪದಲ್ಲಿ ಕೆಲಸ ಮಾಡಿದವನು ನಾನು, ಅದರ ಬಗ್ಗೆ ಬರೆಯುತ್ತೇನೆ. ಒಟ್ಟು 36 ದ್ವೀಪ, ಜನ ಇರುವುದು 10ರಲ್ಲಿ. ಎಲ್ಲ ಸೇರಿಸಿದರೂ 32 ಚದರ ಕಿಲೋಮೀಟರ್. ನಮ್ಮ ಒಂದು ದೊಡ್ಡ ಎಸ್ಟೇಟ್ ಗುಂಪಿನಷ್ಟು ಜಾಗ ಅಂದುಕೊಳ್ಳಿ. 2011ರ ಜನಗಣತಿಯಲ್ಲಿ ಅಲ್ಲಿ ಇದ್ದಿದ್ದು 64 ಸಾವಿರ ಜನ. ಹೊರಗಿನವರು ಯಾರೇ ಹೋದರೂ ಪರ್ಮಿಟ್ ಬೇಕು. ಭಾರತೀಯರಿಗೂ ಬೇಕು. ಕೊಚ್ಚಿಯಿಂದ ಹಡಗು, ಇಲ್ಲದಿದ್ದರೆ ಅಗತ್ತಿ ದ್ವೀಪಕ್ಕೆ ವಿಮಾನ.

ಜನ ತಿಳಿಯುವುದು ಏನೆಂದರೆ ಅಲ್ಲಿ ಪ್ರವಾಸಿಗರು ಕಮ್ಮಿ ಇರುವುದು ಈ ಪರ್ಮಿಟ್‌ನಿಂದ ಅಂತ. ನನ್ನ ಲೆಕ್ಕದಲ್ಲಿ ನಿಜವಾದ ಬೇಲಿ ಎರಡು. ಒಂದು ನೀರು. ಹವಳದ ದ್ವೀಪದಲ್ಲಿ ಹೊಳೆ ಇಲ್ಲ. ಮಳೆನೀರು ಮರಳಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಸಿಹಿನೀರು ಹಗುರ, ಅದಕ್ಕೆ ಮೇಲೆ ನಿಲ್ಲುತ್ತದೆ. ಪಂಪ್ ಇಟ್ಟು ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಆ ಬಾವಿ ಮತ್ತೆ ಸರಿಯಾಗಲು ಎಷ್ಟೋ ಮಳೆಗಾಲ ಬೇಕು. ಶೌಚದ ಗುಂಡಿ ಪಕ್ಕದಲ್ಲೇ ಇದ್ದರೆ ಅದೂ ಸೇರುತ್ತದೆ. ಅಲ್ಲಿನ ಕವರತ್ತಿ ದ್ವೀಪದಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಕುಡಿಯುವ ನೀರು ಮಾಡುವ ಘಟಕ ಶುರುವಾಗಿದ್ದು ಈ ಕಷ್ಟಕ್ಕೇ. ಹೋಟೆಲ್ ಕಟ್ಟುವ ಮುಂಚೆ ಅಲ್ಲಿ ಯಾರಾದರೂ ಕೇಳಬೇಕಾದ ಪ್ರಶ್ನೆ 'ಎಷ್ಟು ರೂಮು' ಅಲ್ಲ, 'ಎಷ್ಟು ಕೊಡ ನೀರು'.

ಎರಡನೆಯದು ಜಾಗ. ಅಲ್ಲಿನ ಜನರಲ್ಲಿ ಹೆಚ್ಚಿನವರು ಪರಿಶಿಷ್ಟ ಪಂಗಡದವರು. ಅವರ ಜಾಗ ಹೊರಗಿನವರ ಕೈಗೆ ಸುಲಭದಲ್ಲಿ ಹೋಗುವುದಿಲ್ಲ, ಕಾನೂನು ಅಡ್ಡ ಇದೆ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಹೊಸ ಕರಡು ಬಂದಾಗ ಅಷ್ಟು ಗಲಾಟೆ ಆಯಿತಲ್ಲ, ಅದು ಜಾಗ ಕೈತಪ್ಪುವ ಹೆದರಿಕೆಯಿಂದಲೇ.

ಮದ್ಯ ಬಂಗಾರಂ ದ್ವೀಪ ಒಂದರಲ್ಲಿ ಮಾತ್ರ. ಅಲ್ಲಿ ಊರು ಅಂತ ಇಲ್ಲ, ರೆಸಾರ್ಟ್ ಅಷ್ಟೇ. ಜನ ಇರುವ ದ್ವೀಪದಲ್ಲಿ ಇಲ್ಲ.

ಕರಿಮೆಣಸು:
ಮದ್ಯದ ನಿಯಮ ಕೊಡಗಿಗೆ ತರಬೇಡಿ ಸಾರ್. ಮೊದಲು ಗಲಾಟೆ ಮಾಡುವುದು ಪ್ರವಾಸಿಗರಲ್ಲ, ನಮ್ಮ ಮಾವ.

ಅರೆಭಾಷೆ_ಅಕ್ಕ:
ಹಳೆ ನೌಕಾಪಡೆಯವರು ಹೇಳಿದ ನೀರಿನ ವಿಷಯ ನಮ್ಮಲ್ಲೂ ಇದೆ. ಭಾಗಮಂಡಲದಲ್ಲಿ ಮಳೆ ಸುರಿಯುತ್ತದೆ, ಸರಿ. ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಹೊಳೆ-ಕೆರೆ ನೀರೇ ಗತಿ. ಅದೇ ತಿಂಗಳಲ್ಲಿ ಬೆಟ್ಟದ ಮೇಲಿನ ರೆಸಾರ್ಟಿಗೆ ಈಜುಕೊಳ ತುಂಬಬೇಕು. ಕೆಳಗಿನ ಲೈನ್ ಮನೆಯ ತೋಟದ ಕೂಲಿಯವರು ಕೊಡ ಹಿಡಿದು ನಿಲ್ಲುತ್ತಾರೆ.

ಶೀತಗಾಳಿ:
ಎಲ್ಲ ಸರಿ. ಆದರೆ ದ್ವೀಪಕ್ಕೆ ಬಾಗಿಲು ಒಂದೇ. ಹಡಗು ಕಟ್ಟೆ, ಇಲ್ಲ ವಿಮಾನ ನಿಲ್ದಾಣ. ಎಣಿಸಬಹುದು, ಶುಲ್ಕ ತೆಗೆದುಕೊಳ್ಳಬಹುದು, ವಾಪಸ್ ಕಳಿಸಬಹುದು. ಕೊಡಗಿಗೆ ಎಷ್ಟು ಬಾಗಿಲು ನೋಡಿ. ಮೈಸೂರಿನಿಂದ ಬಂದರೆ ಕುಶಾಲನಗರ. ಮಂಗಳೂರಿನಿಂದ ಸಂಪಾಜೆ. ಹುಣಸೂರಿನಿಂದ ಆನೆಚೌಕೂರು-ತಿತಿಮತಿ. ವಯನಾಡಿನಿಂದ ಕುಟ್ಟ. ಕಣ್ಣೂರಿನಿಂದ ಮಾಕುಟ್ಟ. ಕಾಸರಗೋಡಿನ ಕಡೆಯಿಂದ ಕರಿಕೆ. ಹಾಸನದ ಕಡೆಯಿಂದ ಕೊಡ್ಲಿಪೇಟೆ, ಶನಿವಾರಸಂತೆ. ಇನ್ನು ಒಳದಾರಿ ಬೇರೆ. 400 ಜನ ಅಂತ ಯಾರು ಎಣಿಸುತ್ತಾರೆ?

ಕೊಡ್ಲಿಪೇಟೆ_ಮೇಷ್ಟ್ರು:
ಎಣಿಸಬಹುದು. ಊಟಿಯಲ್ಲಿ ಎಣಿಸುತ್ತಿದ್ದಾರಲ್ಲ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್ ಎರಡಕ್ಕೂ ಇ-ಪಾಸ್, ಅಂದರೆ ಹೋಗುವ ಮೊದಲೇ ಆನ್‌ಲೈನ್‌ನಲ್ಲಿ ತೆಗೆಯುವ ಅನುಮತಿ. 2025ರ ಏಪ್ರಿಲ್‌ನಿಂದ ಬೇಸಿಗೆಗೆ ಮಿತಿಯೂ ಬಂತು. ಊಟಿ ಇರುವ ನೀಲಗಿರಿಗೆ ವಾರದ ದಿನ 6,000 ವಾಹನ, ವಾರದ ಕೊನೆಗೆ 8,000. ಕೊಡೈಕೆನಾಲ್‌ಗೆ 4,000 ಮತ್ತು 6,000. ಊರಿನವರ ಗಾಡಿಗೆ, ಸರ್ಕಾರಿ ಬಸ್ಸಿಗೆ ಮಿತಿ ಇಲ್ಲ. ನೀಲಗಿರಿಗೂ ಒಂದೇ ಬಾಗಿಲಲ್ಲ, ಕೇರಳ-ಕರ್ನಾಟಕ-ತಮಿಳುನಾಡು ಮೂರೂ ಕಡೆಯಿಂದ ದಾರಿ ಇದೆ.

ಇನ್ನು ಬಾಲಿಯ ಶುಲ್ಕದ ಬಗ್ಗೆ. ಕಾಗದದಲ್ಲಿ ಚಂದ. ಮೊದಲ ವರ್ಷ ಬಂದ ಹೊರದೇಶದವರಲ್ಲಿ ಅರ್ಧ ಜನವೂ ಕಟ್ಟಲಿಲ್ಲ. ಕಟ್ಟಿಯೇ ಬರಬೇಕು ಅನ್ನುವ ತಡೆ ವಿಮಾನ ನಿಲ್ದಾಣದಲ್ಲಿ ಇರಲಿಲ್ಲ. ಪಲಾವ್ ದೇಶ ಬೇರೆ ಥರ ಮಾಡಿತು. 100 ಡಾಲರ್ ಪರಿಸರ ಶುಲ್ಕವನ್ನು ವಿಮಾನದ ಟಿಕೆಟ್‌ನಲ್ಲೇ ಸೇರಿಸಿತು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಈಕ್ವೆಡಾರ್ ದೇಶದ ದ್ವೀಪಗಳಾದ ಗಲಪಗೋಸ್‌ನಲ್ಲಿ ಒಳಗೆ ಕಾಲಿಡುವಾಗಲೇ ಕಟ್ಟಬೇಕು. 2024ರ ಆಗಸ್ಟ್‌ನಲ್ಲಿ 100ರಿಂದ 200 ಡಾಲರ್ ಆಯಿತು.

ಕರಿಮೆಣಸು:
ಪಲಾವ್ ಅನ್ನುವ ದೇಶ ನಿಜವಾಗಲೂ ಇದೆಯಾ? ಹೊಟ್ಟೆ ಹಸಿಯಿತು.

ಕೊಡ್ಲಿಪೇಟೆ_ಮೇಷ್ಟ್ರು:
ಇದೆ. ಶಾಂತ ಸಾಗರದಲ್ಲಿ. ಜನ 20 ಸಾವಿರದೊಳಗೆ. ಅಲ್ಲಿಗೆ ಹೋದರೆ ಪಾಸ್‌ಪೋರ್ಟ್‌ನಲ್ಲಿ ಒಂದು ಪ್ರತಿಜ್ಞೆಯ ಮುದ್ರೆ ಒತ್ತುತ್ತಾರೆ, 2017ರ ಡಿಸೆಂಬರ್‌ನಿಂದ. ಪಲಾವ್‌ನ ಮಕ್ಕಳ ಹೆಸರಿನಲ್ಲಿ ಇರುವ ಪ್ರತಿಜ್ಞೆ. ನಿಮ್ಮ ದ್ವೀಪ ಹಾಳು ಮಾಡುವುದಿಲ್ಲ ಅಂತ ಅದಕ್ಕೆ ಸಹಿ ಹಾಕಿದ ಮೇಲೆಯೇ ಒಳಗೆ ಬಿಡುವುದು.

ಜೀಪು_ಮಡಿಕೇರಿ:
ಎಲ್ಲರೂ ಮಿತಿ ಮಿತಿ ಅನ್ನುತ್ತೀರಿ. ಮಿತಿ ಹಾಕಿದ ದಿನ ಮನೆಗೆ ಬರಿಗೈಲಿ ಹೋಗುವುದು ಯಾರು? ನಾನು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪು ಹೊಡೆಯುವವನು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಮೇಲೆ ಎಷ್ಟು ತಿಂಗಳು ಒಬ್ಬ ಗಿರಾಕಿ ಇರಲಿಲ್ಲ ಗೊತ್ತಾ? ಜೀಪಿನ ಸಾಲಕ್ಕೆ ರಜೆ ಇಲ್ಲ. ಆಮೇಲೆ ಕೊರೊನಾ. ಫಿಲಿಪೀನ್ಸ್‌ನ ಬೊರಾಕಾಯ್ ದ್ವೀಪವನ್ನು ಸ್ವಚ್ಛ ಮಾಡುತ್ತೇವೆ ಅಂತ 2018ರಲ್ಲಿ ಆರು ತಿಂಗಳು ಮುಚ್ಚಿದರಲ್ಲ, ಅದನ್ನು ಇಲ್ಲಿ ಎಲ್ಲರೂ ಹೊಗಳುತ್ತಾರೆ. ಅಲ್ಲಿ ಹೋಟೆಲ್‌ನಲ್ಲಿ ಪಾತ್ರೆ ತೊಳೆಯುತ್ತಿದ್ದವರು, ದೋಣಿಯವರು ಏನಾದರು ಅಂತ ಯಾರಾದರೂ ಕೇಳಿದ್ದೀರಾ?

ಶೀತಗಾಳಿ:
ಅಣ್ಣ, ಬೊರಾಕಾಯ್ ಮುಚ್ಚಿದ್ದು ಕೊಳಚೆ ನೇರ ಸಮುದ್ರಕ್ಕೆ ಬಿಡುತ್ತಿದ್ದಾರೆ ಅಂತ. ಹೋಟೆಲ್‌ಗಳು ಚರಂಡಿಗೆ ಪೈಪ್ ಜೋಡಿಸಿರಲಿಲ್ಲ. ಮುಚ್ಚದೇ ಏನು ಮಾಡಬೇಕಿತ್ತು?

ಜೀಪು_ಮಡಿಕೇರಿ:
ಪೈಪ್ ಜೋಡಿಸದವನನ್ನು ಮುಚ್ಚಬೇಕಿತ್ತು. ಇಡೀ ಊರನ್ನಲ್ಲ.

ಹಳೆ_ನೌಕಾಪಡೆ:
ಜೀಪಿನವರು ಹೇಳುವುದರಲ್ಲಿ ಅರ್ಥ ಇದೆ. ಮುಚ್ಚುವುದಕ್ಕೂ ಒಂದು ರೀತಿ ಇದೆ. ಥಾಯ್ಲೆಂಡಿನ ಮಾಯಾ ಬೇ ನೋಡಿ. ಒಂದು ಸಿನಿಮಾದಿಂದ ಹೆಸರಾಗಿ ದಿನಕ್ಕೆ 5,000 ಜನ ಬರುತ್ತಿದ್ದರು. ದೋಣಿಯ ಲಂಗರು ಬಿದ್ದು ಹವಳ ಪುಡಿ. 2018ರ ಜೂನ್‌ನಲ್ಲಿ ಮುಚ್ಚಿದರು, 2022ರ ಜನವರಿಯಲ್ಲಿ ತೆರೆದರು. ತೆರೆದ ಮೇಲೆ ಎದುರಿನ ಕೊಲ್ಲಿಯೊಳಗೆ ದೋಣಿ ಬರುವ ಹಾಗಿಲ್ಲ, ಹಿಂದಿನಿಂದ ಇಳಿದು ನಡೆದು ಬರಬೇಕು. ನೀರಿಗೆ ಇಳಿದು ಈಜುವ ಹಾಗಿಲ್ಲ. ಶಾರ್ಕ್ ಮರಿಗಳು ವಾಪಸ್ ಬಂದಿವೆ. ಈಗ ಪ್ರತಿ ವರ್ಷ ಆಗಸ್ಟ್-ಸೆಪ್ಟೆಂಬರ್ ಮುಚ್ಚುತ್ತಾರೆ. ವರ್ಷದ ಶುರುವಿಗೇ ಗೊತ್ತಿರುತ್ತದೆ. ದೋಣಿಯವನು ಆ ಎರಡು ತಿಂಗಳಿಗೆ ಬೇರೆ ಕೆಲಸ ನೋಡಿಕೊಳ್ಳಬಹುದು.

ಇದು ದೂರ ಆಯಿತು ಅಂದರೆ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇದೆ. ಮಳೆಗಾಲದಲ್ಲಿ ದೋಣಿ ಬಂದ್. ಅಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ. ಎಲ್ಲರಿಗೂ ಮೊದಲೇ ಗೊತ್ತು.

ಜೀಪು_ಮಡಿಕೇರಿ:
ಅದೇ ನಾನು ಹೇಳುವುದು ಸಾರ್. ನಮ್ಮಲ್ಲಿ ಮಳೆ ಜೋರಾದ ದಿನ ರಾತ್ರಿ ಒಂದು ಆದೇಶ ಬರುತ್ತದೆ, ನಾಳೆಯಿಂದ ಬೆಟ್ಟ ಬಂದ್ ಅಂತ. ಅಷ್ಟರಲ್ಲಿ ಬೆಂಗಳೂರಿನಿಂದ ಗಿರಾಕಿ ಹೊರಟಾಗಿರುತ್ತದೆ. ಅವನು ಬೈಯುವುದು ನನ್ನನ್ನು. ಜುಲೈ-ಆಗಸ್ಟ್ ಪೂರ್ತಿ ಬಂದ್ ಅಂತ ಜನವರಿಯಲ್ಲೇ ಹೇಳಲಿ. ಆ ಎರಡು ತಿಂಗಳ ಕಂತು ಬೇಸಿಗೆಗೇ ತೆಗೆದಿಡುತ್ತೇನೆ. ಗದ್ದೆ ನಾಟಿಯ ಸಮಯ, ನನಗೂ ಮನೆಯಲ್ಲಿ ಕೆಲಸ ಇದೆ.

ಕಣದ_ಕಾಫಿ:
ಇದು ಒಳ್ಳೆಯ ಮಾತು ಅಣ್ಣ. ಜುಲೈ-ಆಗಸ್ಟ್‌ನಲ್ಲಿ ನಾವೂ ರೂಮು ಕೊಡದಿದ್ದರೆ ನಡೆಯುತ್ತದೆ. ಹೇಗೂ ಮಂಡೆಯ ಮೇಲೆ ಗುಡ್ಡ ಇಟ್ಟುಕೊಂಡು ಯಾರಿಗೂ ನಿದ್ದೆ ಬರುವುದಿಲ್ಲ.

ಬೆಂಗ್ಳೂರು_ವೀಕೆಂಡ್:
ಮಳೆ ನೋಡಲಿಕ್ಕೇ ಕೂರ್ಗಿಗೆ ಬರುವುದು ನಾವು!

ಶೀತಗಾಳಿ:
ನಿಮಗೆ ಮಳೆ. ನಮಗೆ ಗುಡ್ಡ.

ಸುಂಟಿಕೊಪ್ಪ_ಕುಕ್:
ಮಾಲ್ಡೀವ್ಸ್‌ನಲ್ಲಿ ಅಡುಗೆ ಕೆಲಸ ಮಾಡಿದ್ದೇನೆ, ರೆಸಾರ್ಟ್‌ನಲ್ಲೂ ಊರಿನ ಗೆಸ್ಟ್‌ಹೌಸ್‌ನಲ್ಲೂ. ಸಂಸ್ಕೃತಿ ಉಳಿಸುವುದು ಅನ್ನುವ ಪ್ರಶ್ನೆಗೆ ಆ ದೇಶ ಎರಡು ಉತ್ತರ ಕೊಟ್ಟಿದೆ. ಎರಡನ್ನೂ ಹೇಳುತ್ತೇನೆ.

ಅಲ್ಲಿ ಟೂರಿಸಂ ಶುರುವಾಗಿದ್ದು 1972ರಲ್ಲಿ. ಮೊದಲ ಉತ್ತರ, ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ಊರಿನ ಜನ ಬೇರೆ ದ್ವೀಪದಲ್ಲಿ, ಪ್ರವಾಸಿ ಬೇರೆ ದ್ವೀಪದಲ್ಲಿ. ಮದ್ಯ, ಹಂದಿ, ಬಿಕಿನಿ ಎಲ್ಲ ಅಲ್ಲೇ. ಊರಿನ ಮಸೀದಿ, ಶಾಲೆ, ಮದುವೆ ಯಾವುದಕ್ಕೂ ತೊಂದರೆ ಇಲ್ಲ. ಕೇಳಲಿಕ್ಕೆ ಚಂದ ಅಲ್ವಾ? ಆದರೆ ದುಡ್ಡೂ ಆ ದ್ವೀಪದಲ್ಲೇ ಉಳಿಯಿತು. ನಾನಿದ್ದ ರೆಸಾರ್ಟಿನ ಅಡುಗೆಮನೆಗೆ ಟೊಮೆಟೊ ಕೂಡ ಹೊರದೇಶದಿಂದ ಬರುತ್ತಿತ್ತು. ಪಕ್ಕದ ದ್ವೀಪದ ಹೆಂಗಸರು ಬೆಳೆದದ್ದು ಬೇಡ. ಕೆಲಸಕ್ಕೆ ನಾವು ಭಾರತದವರು, ಬಾಂಗ್ಲಾದವರು, ಲಂಕಾದವರು. ಮಾಲ್ಡೀವ್ಸ್‌ನವರು ಕಮ್ಮಿ.

ಎರಡನೆಯ ಉತ್ತರ 2009ರ ನಂತರ. ಜನ ಇರುವ ದ್ವೀಪದಲ್ಲೂ ಗೆಸ್ಟ್‌ಹೌಸ್ ಮಾಡಬಹುದು ಅಂತ ಬಿಟ್ಟರು. ಮಾಫುಶಿ ಅನ್ನುವ ದ್ವೀಪ ಇದರಿಂದಲೇ ಬೆಳೆಯಿತು. ದುಡ್ಡು ಊರಿನವರ ಕೈಗೆ ಬಂತು, ನಿಜ. ಜತೆಗೆ ಊರಿನ ನಿಯಮವೂ ಪ್ರವಾಸಿಗೆ ಬಂತು. ಬಿಕಿನಿಗೆ ಒಂದು ಕಡೆ ಬೇಲಿ ಹಾಕಿದ ಬೀಚ್, ಉಳಿದ ಕಡೆ ಮೈಮುಚ್ಚಿ ನಡೆಯಬೇಕು. ಮದ್ಯ ಇಲ್ಲ. ಕುಡಿಯಲೇಬೇಕು ಅನ್ನುವವರಿಗೆ ಸಮುದ್ರದಲ್ಲಿ ನಿಲ್ಲಿಸಿದ ದೋಣಿಯಲ್ಲಿ ಬಾರ್. ನಾನಿದ್ದಾಗ ಶುಕ್ರವಾರ ಸರ್ಕಾರಿ ಫೆರಿ ಓಡುತ್ತಿರಲಿಲ್ಲ. 'ನಮ್ಮ ಟ್ರಿಪ್ ಹಾಳಾಯಿತು' ಅಂತ ಎಷ್ಟು ಕೂಗಿದರೂ ಓಡುತ್ತಿರಲಿಲ್ಲ.

ಕಸದ ಕಥೆ ಮಾತ್ರ ಎರಡರಲ್ಲೂ ಒಂದೇ. ತಿಲಫುಶಿ ಅಂತ ಕಸ ಸುರಿದೇ ಬೆಳೆಸಿದ ದ್ವೀಪ ಇದೆ. ಹಸಿರು ತೆರಿಗೆ ಅಂತ ಪ್ರವಾಸಿಯಿಂದ ದಿನಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. 2025ರ ಜನವರಿಯಿಂದ ಅದು ಇಮ್ಮಡಿಯಾಗಿ ದೊಡ್ಡ ರೆಸಾರ್ಟಿಗೆ 12 ಡಾಲರ್, ಸಣ್ಣ ಗೆಸ್ಟ್‌ಹೌಸಿಗೆ 6.

ನನಗೆ ಕೇಳಿದರೆ ಕೊಡಗು ಈ ಎರಡರ ನಡುವೆ ಸಿಕ್ಕಿಬಿದ್ದಿದೆ. ಹೆಸರಿಗೆ ಹೋಂಸ್ಟೇ, ನಡೆಯುವುದು ರೆಸಾರ್ಟ್ ಥರ. ಮನೆಯವರು ಅದೇ ಮನೆಯಲ್ಲಿ ಇರಬೇಕು ಅನ್ನುವುದು ಹೋಂಸ್ಟೇಯ ಮೂಲ ನಿಯಮ. ಈಗ ಎಷ್ಟು ಮನೆಯಲ್ಲಿ ಮನೆಯವರು ಇದ್ದಾರೆ? ತೋಟದ ಬಂಗಲೆ ಲೀಸಿಗೆ ಕೊಟ್ಟು ಮೈಸೂರಲ್ಲಿ ಕೂತಿರುತ್ತಾರೆ. ನಡೆಸುವವನಿಗೆ ಊರಿನ ಹಬ್ಬ ಯಾವಾಗ ಅಂತಲೂ ಗೊತ್ತಿಲ್ಲ.

ಕರಿಮೆಣಸು:
ಕುಕ್ ಅಣ್ಣ, ಅಲ್ಲಿ ರೆಸಾರ್ಟಲ್ಲಿ ನಮ್ಮ ಹಂದಿಮಾಂಸದ ಪಂದಿಕರಿ ಮಾಡಿದ್ದೀರಾ?

ಸುಂಟಿಕೊಪ್ಪ_ಕುಕ್:
ಮಾಡಿದ್ದೇನೆ. ಅದಕ್ಕೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನು ಊರಿನಿಂದಲೇ ಬ್ಯಾಗಲ್ಲಿ ಒಯ್ದಿದ್ದೆ. ಒಬ್ಬ ಜರ್ಮನಿಯವನು ತಟ್ಟೆ ನೆಕ್ಕಿದ. ಅದು ಬಿಡಿ, ಈಗ ಮಡಿಕೇರಿಯಲ್ಲೇ ಕೆಲವು ಕಡೆ ಕಪ್ಪು ಬಣ್ಣದ ವಿನೆಗರ್ ಹಾಕಿ ಪಂದಿಕರಿ ಅಂತ ಕೊಡುತ್ತಾರೆ. ಜತೆಗೆ ಪರೋಟ. ಅಕ್ಕಿಯ ಉಂಡೆ ಕಡಂಬುಟ್ಟು ಕೇಳಿದರೆ ಖಾಲಿ ಅನ್ನುತ್ತಾರೆ.

ಬೆಂಗ್ಳೂರು_ವೀಕೆಂಡ್:
ಪರೋಟ ಜತೆಗೂ ಚೆನ್ನಾಗಿರುತ್ತದೆ ಮಾರಾಯ್ರೆ.

ಅರೆಭಾಷೆ_ಅಕ್ಕ:
ಇವರನ್ನು ಗಡಿಯಲ್ಲೇ ತಡೆಯಬೇಕಿತ್ತು. ಇ-ಪಾಸ್ ಬೇಕು ಅಂತ ನನಗೂ ಈಗ ಅನಿಸುತ್ತಿದೆ.

ಹಾಡಿಹುಡುಗ:
ಎಲ್ಲರೂ ಹೋಂಸ್ಟೇ, ಜೀಪು, ಪಂದಿಕರಿ ಅಂತ ಬರೆಯುತ್ತಿದ್ದೀರಿ. ನಮ್ಮ ಹಾಡಿಯ, ಅಂದರೆ ಬುಡಕಟ್ಟು ಜನರ ಊರಿನ ವಿಷಯ ಯಾರೂ ಎತ್ತಲಿಲ್ಲ.

ಅಂಡಮಾನ್‌ನಲ್ಲಿ ಜರಾವಾ ಜನ ಇರುವ ಕಾಡಿನ ನಡುವೆ ದೊಡ್ಡ ರಸ್ತೆ ಹೋಗುತ್ತದೆ. ಅದನ್ನು ಮುಚ್ಚಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ರಸ್ತೆ ಮುಚ್ಚಲಿಲ್ಲ. ಗಾಡಿಗಳನ್ನು ಸಾಲಾಗಿ ಪೊಲೀಸ್ ಕಾವಲಲ್ಲಿ ಬಿಡುತ್ತಾರೆ. ನಿಲ್ಲಿಸಬಾರದು, ಫೋಟೊ ತೆಗೆಯಬಾರದು, ತಿನ್ನಲು ಕೊಡಬಾರದು ಅಂತ ಬೋರ್ಡಿದೆ. ಆದರೂ 2012ರಲ್ಲಿ ಒಂದು ವಿಡಿಯೊ ಹೊರಗೆ ಬಂತು. ತಿನ್ನಲು ಕೊಡುವ ಆಸೆ ತೋರಿಸಿ ಜರಾವಾ ಹೆಣ್ಣುಮಕ್ಕಳನ್ನು ಕುಣಿಸಿದ್ದರು. ಇಡೀ ಲೋಕ ಛೀ ಅಂದಿತು.

ಈಗ ಇಲ್ಲಿಗೆ ಬನ್ನಿ. ನಮ್ಮ ಹಾಡಿ ಕಾಡಂಚಲ್ಲಿದೆ. ಸಫಾರಿ ಆದ ಮೇಲೆ 'ಟ್ರೈಬಲ್ ವಿಲೇಜ್ ತೋರಿಸುತ್ತೇನೆ' ಅಂತ ಗಾಡಿ ತಂದು ನಿಲ್ಲಿಸುತ್ತಾರೆ. ನನ್ನ ಅಜ್ಜಿ ಬಾಗಿಲಲ್ಲಿ ಕೂತಿದ್ದರೆ ಕೇಳದೆ ಫೋಟೊ. ಮಕ್ಕಳಿಗೆ ಕಿಟಕಿಯಿಂದ ಬಿಸ್ಕೆಟ್. ನಾನು ಡಿಗ್ರಿ ಓದಿದವನು, ಹೋಗಿ ಇಂಗ್ಲಿಷಲ್ಲೇ ಕೇಳಿದೆ, ನಿಮ್ಮ ಮನೆಗೆ ನಾನು ಬಂದು ನಿಮ್ಮ ಅಜ್ಜಿಯ ಫೋಟೊ ತೆಗೆಯಲಾ ಅಂತ. ಗಾಡಿ ಹತ್ತಿ ಹೋದರು.

ಕಾಡಿಗೆ ಹೋಗಿ ಜೇನು ತೆಗೆಯಲು ನಮಗೆ ಸಾವಿರ ತಡೆ. ಅದೇ ಕಾಡಿಗೆ ಟಿಕೆಟ್ ತೆಗೆದು ಬಂದವರಿಗೆ ಸ್ವಾಗತ. ಪ್ರವಾಸೋದ್ಯಮ ಸ್ಥಳೀಯರಿಗೆ ಗೌರವ ಕೊಡಬೇಕು ಅಂತ ಬರೆಯುವಾಗ ಸ್ಥಳೀಯ ಅಂದರೆ ಯಾರು ಅಂತ ಮೊದಲು ತೀರ್ಮಾನ ಮಾಡಿ.

ಜೀಪು_ಮಡಿಕೇರಿ:
ತಮ್ಮಾ, ಕೆಲವು ಡ್ರೈವರ್‌ಗಳು ಹೀಗೆ ಮಾಡುತ್ತಾರೆ, ಸುಳ್ಳಲ್ಲ. ನಮ್ಮ ಸ್ಟ್ಯಾಂಡಲ್ಲಿ ಹೇಳುತ್ತೇನೆ.

ಹಾಡಿಹುಡುಗ:
ಹೇಳಿ ಅಣ್ಣ. ನಿಮ್ಮ ಮಾತು ಕೇಳುತ್ತಾರೆ, ನನ್ನದು ಕೇಳುವುದಿಲ್ಲ.

ಅರೆಭಾಷೆ_ಅಕ್ಕ:
ಹುಡುಗ ಸರಿಯಾಗಿ ಕೇಳಿದ. ಬ್ರೋಶರ್ ತೆಗೆದರೆ ಕೊಡಗು ಅಂದರೆ ಕೊಡವರ ಉಡುಪು ಕುಪ್ಯಚೇಲೆ, ಸೊಂಟದ ಪೀಚೆಕತ್ತಿ, ಪಂದಿಕರಿ. ಅರೆಭಾಷೆ ಗೌಡರು ಇಲ್ಲ, ಯರವರು ಇಲ್ಲ, ಕುರುಬರು ಇಲ್ಲ, ಕುಡಿಯರು ಇಲ್ಲ, ಮಾಪಿಳ್ಳೆಗಳು ಇಲ್ಲ. ಲಕ್ಷದ್ವೀಪದಲ್ಲೂ ಮಿನಿಕಾಯ್ ದ್ವೀಪದವರ ಭಾಷೆಯೇ ಬೇರೆ, ಮಹಲ್ ಅಂತ. ಉಳಿದ ದ್ವೀಪದವರು ಮಲಯಾಳದ ಥರದ್ದು ಮಾತಾಡುತ್ತಾರೆ. ಹೊರಗಿನವರಿಗೆ ಎಲ್ಲವೂ ಒಂದೇ ಪೋಸ್ಟರ್.

ಕಣದ_ಕಾಫಿ:
ಅದನ್ನು ಒಪ್ಪುತ್ತೇನೆ ಅಕ್ಕ. ಆದರೆ ಆ ಪೋಸ್ಟರ್‌ನಲ್ಲಿ ಇರುವವರಿಗೂ ಸುಖ ಇಲ್ಲ. ಕುಪ್ಯಚೇಲೆ ಬಾಡಿಗೆಗೆ ಕೊಟ್ಟು ಫೋಟೊ ತೆಗೆಸುವವರಿದ್ದಾರೆ. ತಲೆಗೆ ಪೇಟ ವಾರೆ, ಕೈಯಲ್ಲಿ ಬಿಯರ್ ಬಾಟಲಿ, ಸೊಂಟದಲ್ಲಿ ಪೀಚೆಕತ್ತಿ. ನಾವು ಮದುವೆಯಲ್ಲಿ, ಸಾವಿನಲ್ಲಿ ಹಾಕುವ ಉಡುಪು ಅದು. ನಮ್ಮ ಕುಟುಂಬದ ಹಿರಿಮನೆ ಐನ್‌ಮನೆಗೆ ಪ್ರಿ-ವೆಡ್ಡಿಂಗ್ ಶೂಟ್‌ಗೆ ಬಂದವರು ನಡುಮನೆಯ ಪವಿತ್ರ ನೆಲ್ಲಕ್ಕಿ ದೀಪದ ಕೆಳಗೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಹೂ ಇಟ್ಟಿದ್ದರೆ 'ಒಂದು ಗುಂಡು ಹೊಡೆಯಲು ಬಿಡಿ ಆಂಟಿ' ಅನ್ನುತ್ತಾರೆ.

ಶೀತಗಾಳಿ:
ಬಾಲಿಯಲ್ಲೂ ಇದೇ. 2022ರಲ್ಲಿ ಒಬ್ಬಳು ಪವಿತ್ರ ಮರದ ಬುಡದಲ್ಲಿ ಬಟ್ಟೆ ಇಲ್ಲದೆ ಫೋಟೊ ತೆಗೆಸಿಕೊಂಡಳು. ದೇಶದಿಂದಲೇ ಕಳಿಸಿದರು. ನಮ್ಮಲ್ಲಿ 1,214 ದೇವರಕಾಡು ಇದೆ ಅಂತ ಲೆಕ್ಕ. ಎಷ್ಟರಲ್ಲಿ ಬಾಟಲಿ ಬಿದ್ದಿದೆ ಅನ್ನುವ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.

ಆದರೆ ಬಾಲಿಯಲ್ಲಿ ನನಗೆ ಹಿಡಿಸಿದ್ದು ಶುಲ್ಕವೂ ಅಲ್ಲ, ಗಡೀಪಾರೂ ಅಲ್ಲ. ನ್ಯೆಪಿ. ಅವರ ಹೊಸ ವರ್ಷದ ದಿನ. 24 ಗಂಟೆ ಇಡೀ ದ್ವೀಪ ಬಂದ್. ವಿಮಾನ ನಿಲ್ದಾಣವೂ ಬಂದ್. ದೀಪ ಹಚ್ಚುವ ಹಾಗಿಲ್ಲ, ಬೀದಿಗೆ ಇಳಿಯುವ ಹಾಗಿಲ್ಲ. ಐದು ನಕ್ಷತ್ರದ ಹೋಟೆಲಲ್ಲಿ ಇರುವವನೂ ಕಿಟಕಿ ಪರದೆ ಎಳೆದು ಒಳಗೇ ಕೂರಬೇಕು. ನೋಡಿಕೊಳ್ಳಲು ಪೊಲೀಸರಿಗಿಂತ ಜಾಸ್ತಿ ಊರಿನದೇ ಕಾವಲುಗಾರರು, ಪೆಚಲಾಂಗ್ ಅಂತ. ಇಷ್ಟೊಂದು ಪ್ರವಾಸಿಗರನ್ನು ನಂಬಿ ಬದುಕುವ ಊರು ವರ್ಷಕ್ಕೆ ಒಂದು ದಿನ 'ಇವತ್ತು ನಿಮ್ಮ ದಿನ ಅಲ್ಲ' ಅನ್ನುತ್ತದೆ. ವ್ಯಾಪಾರ ಏನೂ ಬಿದ್ದುಹೋಗಿಲ್ಲ.

ಕಣದ_ಕಾಫಿ:
ಶೀತಗಾಳಿ, ಇದು ನಮ್ಮಲ್ಲಿ ಆಗಲೇ ಇದೆಯಲ್ಲ! ಊರ ಹಬ್ಬಕ್ಕೆ ದೇವರ ಕಟ್ಟು ಬಿದ್ದ ಮೇಲೆ ನಮ್ಮ ಊರಲ್ಲಿ ಹಸಿ ಮರ ಕಡಿಯುವ ಹಾಗಿಲ್ಲ, ಪ್ರಾಣಿ ಕೊಲ್ಲುವ ಹಾಗಿಲ್ಲ, ಮದುವೆ-ಗಿದುವೆ ಇಲ್ಲ, ವಾಲಗ ಇಲ್ಲ. ಹಬ್ಬ ಮುಗಿಯುವವರೆಗೆ. ನಾವೆಲ್ಲ ಪಾಲಿಸುತ್ತೇವೆ. ಅದೇ ದಿನ ಹೋಂಸ್ಟೇಯಲ್ಲಿ ಬಾರ್ಬೆಕ್ಯೂ ಹೊಗೆ, ಡಿಜೆ. ಊರಿನ ಮುಖ್ಯಸ್ಥರಾದ ತಕ್ಕರು ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಾರೆ. ಅತಿಥಿಗೆ ಹೇಳಬೇಕಾದವರು ನಾವು, ಮನೆಯವರು. ಗಿರಾಕಿ ಹೋದಾನು ಅಂತ ಯಾರೂ ಬಾಯಿ ಬಿಡುವುದಿಲ್ಲ.

ಕೊಡ್ಲಿಪೇಟೆ_ಮೇಷ್ಟ್ರು:
ಪಲಾವ್‌ನಲ್ಲೂ ಹೀಗೇ. ಮೀನು ಮೊಟ್ಟೆ ಇಡುವ ಕಾಲಕ್ಕೆ ಇಂತಹ ಹವಳದ ದಿಬ್ಬದಲ್ಲಿ ಮೀನು ಹಿಡಿಯಬೇಡಿ ಅಂತ ಊರಿನ ಹಿರಿಯರು ತಡೆ ಹಾಕುವ ಪದ್ಧತಿ ಹಳೆಯದು, 'ಬುಲ್' ಅನ್ನುತ್ತಾರೆ. ಸರ್ಕಾರ ಹೊಸ ಕಾನೂನು ಮಾಡುವಾಗ ಅದರ ಮೇಲೇ ಕಟ್ಟಿತು. ತನ್ನ ಸಮುದ್ರದ ನೂರಕ್ಕೆ 80 ಭಾಗವನ್ನು 2020ರಿಂದ ಮೀನುಗಾರಿಕೆಗೆ ಮುಚ್ಚಿತು. ಜನ ಒಪ್ಪಿದ್ದು ಅದು ಅವರದೇ ಅಜ್ಜನ ಮಾತಿನ ಥರ ಇದ್ದದ್ದಕ್ಕೆ.

ಕರಿಮೆಣಸು:
ನಮ್ಮಲ್ಲಿ ಅಜ್ಜನ ಮಾತು ಮೊಮ್ಮಗನೇ ಕೇಳುವುದಿಲ್ಲ, ಬೆಂಗಳೂರಿನವನು ಕೇಳುತ್ತಾನಾ?

ಬೆಂಗ್ಳೂರು_ವೀಕೆಂಡ್:
ಕೇಳುತ್ತೇವೆ ಸ್ವಾಮಿ. ಯಾರಾದರೂ ಹೇಳಿದರೆ ತಾನೇ? ನಾನು ಬುಕ್ ಮಾಡಿದಾಗ ಬಂದ ಮೆಸೇಜ್‌ನಲ್ಲಿ ಇದ್ದದ್ದು ವೈಫೈ ಪಾಸ್‌ವರ್ಡ್, ಕ್ಯಾಂಪ್‌ಫೈರ್ 500 ರೂಪಾಯಿ ಎಕ್ಸ್‌ಟ್ರಾ, ಅಷ್ಟೇ. ಹಬ್ಬ ಅಂತ ಒಂದು ಸಾಲು ಹಾಕಿದ್ದರೆ ಡೇಟ್ ಬದಲಿಸುತ್ತಿದ್ದೆ. ಇಲ್ಲ ಅಂದರೆ ಹಬ್ಬ ನೋಡಲಿಕ್ಕೇ ಬರುತ್ತಿದ್ದೆ, ಬಿಟ್ಟರೆ.

ಸುಂಟಿಕೊಪ್ಪ_ಕುಕ್:
ಈ ಮಾತಿಗೆ ಪರೋಟ ಮಾಫಿ.

ಹಾಡಿಹುಡುಗ:
ನಿಯಮ ಮಾಡುವುದು ಸುಲಭ. ಕಾಯುವುದು ಯಾರು? ಈಸ್ಟರ್ ದ್ವೀಪದಲ್ಲಿ, ಅವರು ರಾಪಾ ನುಯಿ ಅನ್ನುತ್ತಾರೆ, ಆ ದೊಡ್ಡ ಕಲ್ಲಿನ ಮುಖಗಳಿರುವ ಪಾರ್ಕನ್ನು ಮೊದಲು ಚಿಲಿ ಸರ್ಕಾರ ನಡೆಸುತ್ತಿತ್ತು. ಜನ ಹೋರಾಡಿದರು. 2017ರಿಂದ ಅಲ್ಲಿನ ಮೂಲ ಜನರ ಸಂಘವೇ ನಡೆಸುತ್ತಿದೆ, ಮಾಉ ಹೆನುವಾ ಅಂತ. ಟಿಕೆಟ್ ದುಡ್ಡು ಅವರ ಕೈಗೆ. 2018ರಿಂದ ಪ್ರವಾಸಿ 30 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಕೊರೊನಾ ಆದ ಮೇಲೆ ತೆರೆದಾಗ ಊರಿನ ಗೈಡ್ ಇಲ್ಲದೆ ಪಾರ್ಕ್ ನೋಡುವ ಹಾಗಿಲ್ಲ ಅಂತ ಮಾಡಿದರು.

ನಮ್ಮ ಕಾಡಿನ ದಾರಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂದಿದೆ, ಒಳ್ಳೆಯದು. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಜನ ಜಾತ್ರೆ ಆದ ಮೇಲೆ ಬಂದದ್ದು ಅದು. ಟಿಕೆಟ್‌ನ ದುಡ್ಡಲ್ಲಿ ಹಾಡಿಗೆ ಎಷ್ಟು ಬರುತ್ತದೆ ಅಂತ ಕೇಳಿ ನೋಡಿ.

ಶೀತಗಾಳಿ:
ಒಂದು ಮಾತು. ರಾಪಾ ನುಯಿಗೂ ಬಾಗಿಲು ಹೆಚ್ಚು ಕಮ್ಮಿ ಒಂದೇ, ವಿಮಾನ. ನಾನು ಮೊದಲೇ ಹೇಳಿದ್ದು ಅದು.

ಹಾಡಿಹುಡುಗ:
ಕೊಡಗಿಗೆ ಬಾಗಿಲು ಹತ್ತು ಇರಲಿ ಅಕ್ಕ. ಒಂದೊಂದು ದೇವರಕಾಡಿಗೆ, ಒಂದೊಂದು ಜಲಪಾತಕ್ಕೆ, ಒಂದೊಂದು ಹಾಡಿಗೆ ದಾರಿ ಒಂದೋ ಎರಡೋ. ಅಲ್ಲಿ ಊರಿನವರು ನಿಂತರೆ ಸಾಕು. ಜಿಲ್ಲೆ ಪೂರ್ತಿ ಎಣಿಸುವುದು ಸರ್ಕಾರದ ಕೆಲಸ.

ಹಳೆ_ನೌಕಾಪಡೆ:
ಇದು ಸರಿಯಾದ ಲೆಕ್ಕ. ಕುಶಾಲನಗರದ ನಿಸರ್ಗಧಾಮವೇ ನೋಡಿ. ಕಾವೇರಿಯ ನಡುವೆ ನಮ್ಮದೇ ಒಂದು ದ್ವೀಪ, ಒಳಗೆ ಹೋಗಲು ಸೇತುವೆ, ಹೊಳೆ ಏರಿದರೆ ಬಂದ್. ಅಲ್ಲಿ ಎಣಿಸಲು ಆಗುತ್ತದೆ ಅಂದರೆ ಬೇರೆ ಕಡೆಯೂ ಆಗುತ್ತದೆ. ನಿಲ್ಲುವವನಿಗೆ ಸಂಬಳ ಬೇಕು, ಅಷ್ಟೇ.

ಜೀಪು_ಮಡಿಕೇರಿ:
ಸಂಬಳದ ಮಾತು ಬಂತು. ಅದನ್ನು ರೆಸಾರ್ಟಿನವರ ಹತ್ತಿರ ಕೇಳಿ, ಜೀಪಿನವರ ಹತ್ತಿರ ಅಲ್ಲ.

ಕಣದ_ಕಾಫಿ:
ರೂಮಿಗೆ ದಿನಕ್ಕೆ 50 ರೂಪಾಯಿ ಅಂತ ನಾವು ಹೋಂಸ್ಟೇಯವರೇ ತೆಗೆದಿಟ್ಟರೆ ಹೇಗೆ? ಅತಿಥಿಯ ಬಿಲ್ಲಲ್ಲಿ ಬರೆದೇ. ದೇವರಕಾಡಿನ ಹತ್ತಿರ ಒಬ್ಬರು, ಕಸ ತೆಗೆಯಲು ಒಬ್ಬರು. ಹಾಡಿಯ ದಾರಿಯಲ್ಲಿ ಯಾರು ನಿಲ್ಲಬೇಕು, ಯಾರನ್ನು ಬಿಡಬೇಕು ಅಂತ ಹಾಡಿಯವರೇ ಹೇಳಲಿ. ಯಾರನ್ನೂ ಬಿಡುವುದಿಲ್ಲ ಅಂದರೆ ಅದೇ ನಿಯಮ.

ಹಾಡಿಹುಡುಗ:
ನಮ್ಮ ಹಿರಿಯರ ಹತ್ತಿರ ಕೇಳಿ ಹೇಳುತ್ತೇನೆ. ಕರೆದರೆ ಬರುತ್ತೇವೆ. ಕುರ್ಚಿ ಹಿಂದಿನ ಸಾಲಲ್ಲಿ ಇಡಬೇಡಿ.

ಬೆಂಗ್ಳೂರು_ವೀಕೆಂಡ್:
50 ರೂಪಾಯಿ ಕೊಡುತ್ತೇನೆ, ತಕರಾರಿಲ್ಲ. ಡಿಸೆಂಬರ್ ಮೊದಲ ವಾರ ಬರೋಣ ಅಂತಿದ್ದೇವೆ, ನಾಲ್ಕು ಜನ. ನಿಮ್ಮ ಸುಗ್ಗಿ ಹಬ್ಬ ಪುತ್ತರಿ ಯಾವಾಗ? ಆಗ ಬರಬಹುದಾ, ಬರಬಾರದಾ?

ಕಣದ_ಕಾಫಿ:
ದಿನ ಕಕ್ಕಬ್ಬೆಯ ಇಗ್ಗುತಪ್ಪ ದೇವಸ್ಥಾನದಲ್ಲಿ ತೀರ್ಮಾನ ಆಗಬೇಕು, ಆಮೇಲೆ ಹೇಳುತ್ತೇನೆ. ಕದಿರು ತೆಗೆಯುವ ರಾತ್ರಿ ಮನೆಯವರ ಜತೆ ಗದ್ದೆಗೆ ಬರಬಹುದು. ಚಪ್ಪಲಿ, ಡ್ರೋನ್ ಎರಡೂ ಮನೆಯಲ್ಲೇ ಬಿಡಬೇಕು. ಕೋವಿ ಹೊಡೆಯುವುದು ನಾವು, ನೀವಲ್ಲ. ಮಂದ್‌ನಲ್ಲಿ ಅಂದರೆ ಊರು ಸೇರುವ ಬಯಲಲ್ಲಿ ಕೋಲಾಟ ಇರುತ್ತದೆ, ನಿಂತು ನೋಡಿ.

ಕರಿಮೆಣಸು:
ಪಾಯಸ ಮಾಡುವಾಗ ಕರೆಯಿರಿ, ನಾನೂ ಬರುತ್ತೇನೆ. ನಾನು ಸ್ಥಳೀಯ, 50 ರೂಪಾಯಿ ಕೊಡುವುದಿಲ್ಲ.